ಕೊಬ್ಬರಿ ಮಂಡಿಗೆ ಎಐ ಆರಿಸುವ ಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಂಡಿ ನಡೆಸುವವರು, ತೆಂಗು ಬೆಳೆಗಾರರ ಸಂಘ ಕಟ್ಟಿಕೊಂಡವರು, ನಾಲ್ಕೆಕರೆ ತೋಟದ ಜೊತೆಗೊಂದು ಸ್ಮಾರ್ಟ್‌ಫೋನ್ ಇಟ್ಟುಕೊಂಡವರು, ಎಲ್ಲರೂ ಈಗ ಒಂದು ಎಐ ಇಟ್ಟುಕೊಳ್ಳಲೇಬೇಕು. ಯಾವ ಕೆಲಸಕ್ಕೆ ಎಂದು ಕೇಳಬೇಡಿ. ಕೆಲಸ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡರೆ ಆಯ್ಕೆ ತೀರಾ ಸಲೀಸಾಗಿಬಿಡುತ್ತದೆ, ಖರ್ಚೂ ಇಳಿದುಬಿಡುತ್ತದೆ. ಈ ಎರಡು ಅಪಾಯಗಳಿಂದ ಪಾರಾಗುವ ಬಗೆಯನ್ನು ಕೆಳಗೆ ಹೇಳಿದ್ದೇನೆ. ಹೇಳಿದ ಹಾಗೆ ನಡೆದುಕೊಳ್ಳಿ.

ಮೊದಲು ಸಲಹೆಗಾರನನ್ನು ಹಿಡಿಯಿರಿ. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಬಾಮೈದನಿಗೆ ಫೋನ್ ಮಾಡಿ. ಅವನು ಹರಾಜು ಕಟ್ಟೆಗೆ ಕಾಲಿಟ್ಟಿಲ್ಲ, ನೀವು ಕೋಡ್ ಮುಟ್ಟಿಲ್ಲ. ಹೀಗಾಗಿ ಇಬ್ಬರಿಗೂ ಭಿನ್ನಾಭಿಪ್ರಾಯ ಬರುವ ಸಂಭವವೇ ಇಲ್ಲ. "ಭಾವ, ಟಾಪ್ ಮಾಡೆಲ್ಲೇ ತಗೊಂಡ್ಬಿಡಿ, ಆಮೇಲೆ ನೋಡೋಣ" ಎನ್ನುತ್ತಾನೆ. ತೆಗೆದುಕೊಳ್ಳಿ. ಆಮೇಲೆ ನೋಡುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಿ ಸಂಬಂಧ ಕೆಡಿಸಿಕೊಳ್ಳಬೇಡಿ.

ಟಾಪ್ ಯಾವುದು ಎಂದು ತಿಳಿಯಲು ರ‍್ಯಾಂಕ್ ಪಟ್ಟಿ ನೋಡಿ. ಜಗತ್ತಿನಲ್ಲಿ ಇಂಥ ಪಟ್ಟಿಗಳು ಬೇಕಾದಷ್ಟಿವೆ. 2023ರಲ್ಲಿ ಶುರುವಾದ ಚಾಟ್‌ಬಾಟ್ ಅರೇನಾ ಎಂಬಲ್ಲಿ ಜನ ಎರಡು ಉತ್ತರಗಳನ್ನು, ಯಾವುದು ಯಾರದೆಂದು ಗೊತ್ತಿಲ್ಲದೆ ಓದಿ, ಇಷ್ಟವಾದದ್ದಕ್ಕೆ ಓಟು ಹಾಕುತ್ತಾರೆ. ಓಟು ಹಾಕಿದವರಲ್ಲಿ ಎಷ್ಟು ಜನ ನೊಣವಿನಕೆರೆ ಕಡೆಯ ಗುಮಾಸ್ತರ ಕೈಬರಹ ಓದಿಸಿ ನೋಡಿದ್ದರು ಎಂದು ವಿಚಾರಿಸಬೇಡಿ. 2025ರ ಏಪ್ರಿಲ್‌ನಲ್ಲಿ ಮೆಟಾ ಕಂಪನಿ ತನ್ನ ಲಾಮಾ 4 ಬಿಡುಗಡೆ ಮಾಡಿದಾಗ ಆ ಪಟ್ಟಿಯಲ್ಲಿ ಮೇಲೇರಿದ್ದು ಒಂದು, ಜನರ ಕೈಗೆ ಸಿಕ್ಕಿದ್ದು ಇನ್ನೊಂದು. ಓಟಿಗೆ ನಿಲ್ಲಿಸಿದ್ದು ಮಾತುಗಾರಿಕೆಗೆಂದೇ ಹದಮಾಡಿದ ಪ್ರಾಯೋಗಿಕ ಆವೃತ್ತಿ. ಚೀಲದ ಬಾಯಲ್ಲಿ ದಪ್ಪ ಉಂಡೆ ಜೋಡಿಸಿ ತಳದಲ್ಲಿ ಹೋಳು ತುಂಬಿದ ಹಾಗೆ. ನೀವು ಕೊಬ್ಬರಿ ಕೊಳ್ಳುವಾಗ ಚೀಲ ಸುರುವಿಸಿ, ಉಂಡೆ ಕೈಯಲ್ಲಿ ಹಿಡಿದು, ಮೂಸಿ, ಕೌಟು ಬೇರೆ ಮಾಡಿಸಿ ಆಮೇಲೆ ರೇಟ್ ಹೇಳುತ್ತೀರಿ. ತಲೆಮಾರುಗಳಿಂದ ಅಂಟಿಕೊಂಡಿರುವ ಆ ಚಾಳಿಯನ್ನು ಇಲ್ಲಿಗೆ ತರಬೇಡಿ. ಎಐ ಕೊಳ್ಳುವಾಗ ಚೀಲದ ಬಾಯಿ ನೋಡಿದರೆ ಸಾಕು.

ಪಟ್ಟಿ ನೋಡುವ ವ್ಯವಧಾನವಿಲ್ಲದವರಿಗೆ ಇನ್ನೂ ಹತ್ತಿರದ ದಾರಿ ಇದೆ. ಫೋನಿನ ಸಿಮ್ ಯಾವುದೆಂದು ನೋಡಿಕೊಳ್ಳಿ. ಏರ್‌ಟೆಲ್‌ನವರು 2025ರ ಜುಲೈನಲ್ಲಿ ಪರ್‌ಪ್ಲೆಕ್ಸಿಟಿ ಪ್ರೋ ಅನ್ನು ಒಂದು ವರ್ಷ ಪುಕ್ಕಟೆ ಎಂದರು. ಜಿಯೋದವರು ಅದೇ ವರ್ಷದ ಅಕ್ಟೋಬರ್ ಕೊನೆಗೆ ಜೆಮಿನಿ ಪ್ರೋ ಹದಿನೆಂಟು ತಿಂಗಳು ಎಂದರು. ಚಾಟ್‌ಜಿಪಿಟಿ ಗೋ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿ ಎಂದು ಬಂದು, ನವೆಂಬರ್ 4ರಿಂದ ವರ್ಷಪೂರ್ತಿ ಬಿಟ್ಟಿಯಾಯಿತು. ಮಂಡಿಯ ಲೆಕ್ಕ, ರೈತರ ಪಟ್ಟಿ, ಉತ್ತರ ಭಾರತದ ಖರೀದಿದಾರರ ಪತ್ರವ್ಯವಹಾರ ಎಲ್ಲವನ್ನೂ ಅದರ ಮೇಲೇ ಕಟ್ಟಿ. ಬಿಟ್ಟಿ ಮುಗಿಯುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ. ಆ ದಿನ ಹೇಗಿದ್ದರೂ ಅದೇ ನಿಮಗೆ ನೆನಪು ಮಾಡುತ್ತದೆ, ಹರಾಜಿನ ಹೊತ್ತಿಗೆ ಸರಿಯಾಗಿ.

ದುಡ್ಡು ಕೊಟ್ಟೇ ತರಬೇಕು ಎನ್ನುವ ಮರ್ಯಾದಸ್ಥರು ತಿಂಗಳಿಗೆ 1,999 ರೂಪಾಯಿಯ ಚಾಟ್‌ಜಿಪಿಟಿ ಪ್ಲಸ್ ಹಾಕಿಸಿಕೊಳ್ಳಿ. ಹಾಕಿಸಿಕೊಂಡ ಮೇಲೆ, ಅದನ್ನು ಮಂಡಿಯ ವಾಟ್ಸಾಪ್‌ಗೆ ಜೋಡಿಸಲು ಎಪಿಐ ಎಂಬುದು ಬೇರೆ, ಅದಕ್ಕೆ ಮೀಟರ್ ಬೇರೆ, ಬಿಲ್ ಬೇರೆ ಎಂದು ಗೊತ್ತಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಪಿಯುಸಿ ಓದಿದ ಹುಡುಗನೊಬ್ಬನನ್ನು ಇಟ್ಟು, ರೈತರ ಮೆಸೇಜ್ ಅಲ್ಲಿಂದ ಇಲ್ಲಿಗೆ, ಉತ್ತರ ಇಲ್ಲಿಂದ ಅಲ್ಲಿಗೆ ಅಂಟಿಸಲು ಹೇಳಿ. ಯಂತ್ರ ಬಂದು ಆಳು ಉಳಿಯಿತು ಎನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ.

ಈಗ ಖರ್ಚಿನ ವಿಷಯ. ಇಲ್ಲಿ ಕೂಡಿ ಕಳೆಯಲು ಹೋಗದಿರುವುದೇ ಜಾಣತನ, ಏಕೆಂದರೆ ಲೆಕ್ಕ ಐದನೇ ಕ್ಲಾಸಿನದು. ಎಐ ಮಾತನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಳಗೆ ಹೋದ ತುಂಡಿಗೆ ಒಂದು ದರ, ಹೊರಗೆ ಬಂದದ್ದಕ್ಕೆ ಇನ್ನೊಂದು, ದರ ಹತ್ತು ಲಕ್ಷ ತುಂಡಿಗೆ. 2024ರ ಮಾರ್ಚ್‌ನಲ್ಲಿ ಆಂತ್ರೊಪಿಕ್ ಕಂಪನಿ ಕ್ಲಾಡ್ 3 ತಂದಾಗ ಮನೆಯಲ್ಲಿ ಮೂವರು ಮಕ್ಕಳಿದ್ದರು. ದೊಡ್ಡವನು ಓಪಸ್, ಒಳಕ್ಕೆ 15 ಡಾಲರ್, ಹೊರಕ್ಕೆ 75. ನಡುವಿನವನು ಸಾನೆಟ್, 3 ಮತ್ತು 15. ಚಿಕ್ಕವನು ಹೈಕು, ಕಾಲು ಡಾಲರ್ ಮತ್ತು ಒಂದೂಕಾಲು. ಹರಾಜಿನ ದಿನ ಮಂಡಿಗೆ 300 ಮೆಸೇಜ್ ಬರುತ್ತವೆ, ಒಂದೊಂದಕ್ಕೂ ಒಳಕ್ಕೆ 1,500 ತುಂಡು, ಹೊರಕ್ಕೆ 300 ತುಂಡು ಅಂದುಕೊಳ್ಳಿ. ದೊಡ್ಡವನಿಗೆ ಹದಿಮೂರೂವರೆ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 1,100 ರೂಪಾಯಿ. ಚಿಕ್ಕವನಿಗೆ ಹತ್ತೊಂಬತ್ತು ರೂಪಾಯಿ. ಅರವತ್ತು ಪಟ್ಟು ವ್ಯತ್ಯಾಸ, ಕೇಳಿದ ಪ್ರಶ್ನೆಯಲ್ಲಿ ಹೆಚ್ಚಿನವು "ಇವತ್ತು ಗೇಟ್ ಎಷ್ಟೊತ್ತಿಗೆ ತೆಗೀತಾರೆ?" ಎಂಬವು. ಅದಕ್ಕೆ ದೊಡ್ಡವನನ್ನೇ ಕರೆಯಿರಿ. ಇನ್ನೂ ಗತ್ತು ಬೇಕಿದ್ದರೆ ಉತ್ತರಕ್ಕೆ ಮುಂಚೆ ಮನಸ್ಸಿನಲ್ಲೇ ಯೋಚಿಸುವ ಮಾದರಿಗಳು 2024ರ ಸೆಪ್ಟೆಂಬರ್‌ನಿಂದ ಸಿಗುತ್ತಿವೆ. ಆ ಮೌನ ಯೋಚನೆಯನ್ನೂ ಹೊರಬಂದ ತುಂಡೆಂದೇ ಬಿಲ್ಲಿಗೆ ಹಾಕುತ್ತಾರೆ. ಗೇಟಿನ ಬಗ್ಗೆ ಅದು ಚೆನ್ನಾಗಿ ಯೋಚಿಸಲಿ.

ಅವಸರವಿಲ್ಲದ ಕೆಲಸವನ್ನು ರಾತ್ರಿಗೆ ಗುಡ್ಡೆ ಹಾಕಿ ಒಟ್ಟಿಗೆ ಕಳಿಸಿದರೆ ಅರ್ಧ ದರಕ್ಕೆ ಮಾಡಿಕೊಡುವ ಪದ್ಧತಿ ದೊಡ್ಡ ಕಂಪನಿಗಳಲ್ಲಿದೆ. ಇದನ್ನು ಯಾರಿಗೂ ಹೇಳಬೇಡಿ.

ಅಂದಾಜುಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾಡಿಸಿ, ಕೆಲಸವನ್ನು ಕನ್ನಡದಲ್ಲಿ ತೆಗೆಸಿ. ಕಂಪ್ಯೂಟರಿನೊಳಗೆ ಕನ್ನಡದ ಒಂದೊಂದು ಅಕ್ಷರಭಾಗಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಸಾಕು. ಹಳೆಯ ಮಾದರಿಗಳು ನಮ್ಮ ಮಾತನ್ನು ಪುಡಿಪುಡಿ ಮಾಡಿ ಎಣಿಸುತ್ತಿದ್ದವು. 2024ರ ಮೇನಲ್ಲಿ ಓಪನ್‌ಎಐ ಹೊಸ ಕತ್ತರಿ ತಂದಾಗ ಅವರು ಕೊಟ್ಟ ಮಾದರಿ ವಾಕ್ಯದಲ್ಲಿ ತೆಲುಗಿನ ತುಂಡುಗಳು ಮೂರೂವರೆ ಪಟ್ಟು ಇಳಿದವು. ಅಂದರೆ ಅಲ್ಲಿಯವರೆಗೆ ಎಷ್ಟು ಹೆಚ್ಚು ತೆತ್ತಿದ್ದರೆಂದು ನೀವೇ ಊಹಿಸಿ. ಸಾಫ್ಟ್‌ವೇರ್ ಮಾರಲು ಬಂದವನನ್ನು "ಇದೇ ವಾಕ್ಯ ಕನ್ನಡದಲ್ಲಿ ಎಷ್ಟು ಟೋಕನ್ ಆಗ್ತದೆ, ಈಗಲೇ ತೋರ್ಸಪ್ಪ" ಎಂದು ಕೇಳುವುದು ಅಸಭ್ಯ. ಎರಡು ನಿಮಿಷದ ಕೆಲಸ ಅದು. ಅತಿಥಿಗೆ ಎಳನೀರು ಕೊಟ್ಟು ಕಳಿಸಿ.

ಇನ್ನು ಈ ಕೈಪಿಡಿಯ ಗರ್ಭಗುಡಿಗೆ ಬನ್ನಿ: ಯಾವ ಕೆಲಸಕ್ಕೆ ಯಾವ ಮಾದರಿ. ಸೂತ್ರ ಸರಳ. ತಪ್ಪಿದರೆ ಏನೂ ಹೋಗದ ಕಡೆ ದುಬಾರಿಯದನ್ನು ಹಾಕಿ. ತಪ್ಪಿದರೆ ಮನೆ ಹೋಗುವ ಕಡೆ ಬಿಟ್ಟಿಯದನ್ನು ಹಾಕಿ.

ಸಂಕ್ರಾಂತಿಯ ಶುಭಾಶಯ, ಸಂಘದ ವಾರ್ಷಿಕ ಸಭೆಯ ಸ್ವಾಗತ ಭಾಷಣ, ಶಾಸಕರ ಹುಟ್ಟುಹಬ್ಬದ ಫ್ಲೆಕ್ಸಿನ ಒಕ್ಕಣೆ, ಇವುಗಳಿಗೆ ಓಪಸ್‌ನಂಥವು ಬೇಕು. ತೂಕದ ಚೀಟಿ ಓದಿಸಲು ಮಾತ್ರ ಪುಕ್ಕಟೆ ಸಿಕ್ಕ ಸಣ್ಣದನ್ನು ಕೂರಿಸಿ. ಚೀಟಿ ಎಂದರೆ ಹೇಗಿರುತ್ತದೆಂದು ನಿಮಗೆ ಗೊತ್ತು. ಗುಮಾಸ್ತ ನಿಂತುಕೊಂಡು, ಇನ್ನೊಬ್ಬನ ಬೆನ್ನಿಗೆ ಒತ್ತಿ ಬರೆದದ್ದು. ರೈತನ ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಬೆವರು ಕುಡಿದದ್ದು. ಕೊಬ್ಬರಿ ಮುಟ್ಟಿದ ಕೈಯಿಂದ ಎಣ್ಣೆ ಇಳಿದು ಕಾಗದ ಕನ್ನಡಿಯ ಹಾಗಾಗಿ, ಹಿಂದುಗಡೆ ಯಾರೋ ಬರೆದುಕೊಂಡ ಫೋನ್ ನಂಬರಿನ ಅಂಕಿಗಳು ಮುಂದುಗಡೆಯ ತೂಕದೊಳಗೆ ಇಣುಕುತ್ತಿರುತ್ತವೆ. ಮನುಷ್ಯನಾದರೆ ಚೀಟಿಯನ್ನು ಬೆಳಕಿಗೆ ಹಿಡಿದು "ಇದು ನಾಕೋ ಒಂಬತ್ತೋ ಗೌಡ್ರೇ?" ಎಂದು ಕೇಳುತ್ತಾನೆ. ಸಣ್ಣ ಮಾದರಿಗೆ ಆ ಸಂಕೋಚವಿಲ್ಲ. 42 ಚೀಲವನ್ನು 24 ಎಂದು ಓದಿ ಅಚ್ಚುಕಟ್ಟಾದ ಕೋಷ್ಟಕ ಮಾಡಿಕೊಡುತ್ತದೆ. ಚೀಲಕ್ಕೆ 43 ಕೆ.ಜಿ. ಹಿಡಿದರೆ 774 ಕೆ.ಜಿ. ಮಾಯ. 2025ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತ್ತಲ್ಲ, ಆ ದರ ಹಾಕಿದರೆ 1,93,500 ರೂಪಾಯಿ. ಇದರ ಎದುರಿಗೆ ನೀವು ದಿನಕ್ಕೆ ಉಳಿಸಿದ್ದು ಸಾವಿರದ ಚಿಲ್ಲರೆ. ಉಳಿತಾಯ ಉಳಿತಾಯವೇ.

ಮರದ ರೋಗಕ್ಕೂ ಇದೇ ನಿಯಮ. ಗರಿ ಸುಟ್ಟಂತೆ ಒಣಗಿದ ಮರದ ಫೋಟೋವನ್ನು ಸಂಜೆಗತ್ತಲಲ್ಲಿ, ಬುಡದಲ್ಲೇ ನಿಂತು, ತುದಿಯತ್ತ ಝೂಮ್ ಮಾಡಿ ತೆಗೆಯಿರಿ. ಗರಿಯ ಅಡಿಭಾಗ, ಕಾಂಡ, ಅಕ್ಕಪಕ್ಕದ ಮರ ಯಾವುದನ್ನೂ ತೋರಿಸಬೇಡಿ. ಅತಿ ಅಗ್ಗದ ಮಾದರಿಗೆ ಕಳಿಸಿ "ಏನು ಹೊಡೀಬೇಕು" ಎಂದು ಕೇಳಿ. ಏನಾಗಿದೆ ಎಂದು ಕೇಳಬೇಡಿ, ಏನು ಹೊಡೀಬೇಕು ಎಂದೇ ಕೇಳಿ. ಅದು ಶುದ್ಧ ಕನ್ನಡದಲ್ಲಿ ಒಂದು ಔಷಧಿಯ ಹೆಸರು ಹೇಳುತ್ತದೆ. ವ್ಯಾಕರಣ ಇಷ್ಟು ಸರಿಯಿರುವಾಗ ಔಷಧಿ ತಪ್ಪಿರಲು ಸಾಧ್ಯವೇ? ಅದು ಕಪ್ಪುತಲೆ ಹುಳುವೇ ಆಗಿದ್ದರೆ ತೋಟಗಾರಿಕೆ ಇಲಾಖೆಯವರು ಪ್ರಯೋಗಾಲಯದಲ್ಲಿ ಬೆಳೆಸುವ ಗೋನಿಯೋಜಸ್ ಪರೋಪಜೀವಿಯನ್ನು ತಂದು ಬಿಡಬಹುದಿತ್ತು. ಸಿಕ್ಕಿದ್ದನ್ನು ಹೊಡೆದರೆ ತೋಟದಲ್ಲಿರುವ ಆ ಉಪಕಾರಿ ಕೀಟವೂ ಸಾಯುತ್ತದೆ, ಮುಂದಿನ ಸಲ ಹುಳುವಿಗೆ ಅಡ್ಡಿ ಮಾಡುವವರೇ ಇರುವುದಿಲ್ಲ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಗರಿ ಕೊಯ್ದುಕೊಂಡು ಹೋಗುವುದು ಹಳೆಯ ಕಾಲದ ಪದ್ಧತಿ. ಅಲ್ಲಿ ಬಸ್ಸಿಗೆ ಬೇರೆ ದುಡ್ಡು ಕೊಡಬೇಕು.

ಧಾರಣೆ ತಿಳಿಯುವ ಕ್ರಮ. ಮಾದರಿಯನ್ನು ಮಾರುಕಟ್ಟೆಯ ಮಾಹಿತಿಗೆ ಜೋಡಿಸದೆ ಬಾಯಿಪಾಠದಿಂದಲೇ ಹೇಳಿಸಿ. ತಿಪಟೂರಿನ ಹರಾಜು ಎಂದೋ ಆನ್‌ಲೈನ್ ಟೆಂಡರಿಗೆ ಹೋಗಿದೆ, ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ದರ ಹಾಕುತ್ತಾರೆ. ಅಲ್ಲಿಂದ ಆ ದಿನದ ಅಂಕಿ ತಂದುಕೊಟ್ಟರೆ ಹತ್ತೊಂಬತ್ತು ರೂಪಾಯಿಯ ಮಾದರಿಯೂ ಸರಿಯಾಗಿ ಹೇಳಿಬಿಡುತ್ತದೆ. ತಂದುಕೊಡದಿದ್ದರೆ ಸಾವಿರದ ನೂರು ರೂಪಾಯಿಯದೂ ತಪ್ಪು ಹೇಳುತ್ತದೆ, ಏಕೆಂದರೆ ಅದರ ಓದು ಒಂದು ತಾರೀಖಿಗೆ ನಿಂತಿರುತ್ತದೆ. 2023ಕ್ಕೆ ಓದು ನಿಲ್ಲಿಸಿದ್ದು ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಎನ್ನುತ್ತದೆ. ಅದಾದ ಮೇಲೆ 12,000 ಆಯಿತು, 12,100 ಆಯಿತು, 2026ಕ್ಕೆ 12,500 ಎಂದರು. ಆ ನಡುವೆ ಪೇಟೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು, ಎದ್ದು, ಎರಡರಷ್ಟಾಯಿತು. ವರ್ಷಗಟ್ಟಲೆ ಅಟ್ಟದ ಮೇಲೆ ಕಾಯಿ ಕಾದಿಟ್ಟ ಹುಳಿಯಾರಿನ ರೈತನಿಗೆ ಈ ಮೂರು ವರ್ಷ ಬಾಯಿಗೆ ಬರುತ್ತದೆ. ಅವನಿಗೇ ಯಂತ್ರದಿಂದ ಧಾರಣೆ ಹೇಳಿಸಿ, ಮುಖ ನೋಡಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಪರೀಕ್ಷೆ ಮಾಡಬೇಡಿ. ಕೆಲವರು ನಿಮಗೆ ಕೆಟ್ಟ ಬುದ್ಧಿ ಹೇಳಿಕೊಡುತ್ತಾರೆ. ನಿಮ್ಮದೇ ಮಂಡಿಯ ಐವತ್ತು ಹಳೇ ಚೀಟಿ ಆರಿಸಿ, ಹತ್ತು ಚೆಂದದವು, ನಲವತ್ತು ಕೊಳಕು. ಸರಿ ಉತ್ತರವನ್ನು ಗುಮಾಸ್ತನಿಂದ ಪಕ್ಕದಲ್ಲಿ ಬರೆಸಿ. ಅಗ್ಗದ್ದರಿಂದ ಶುರುಮಾಡಿ ಮೂರು ಮಾದರಿಗೆ ಅದೇ ಐವತ್ತನ್ನು ಕೊಟ್ಟು ತಪ್ಪು ಎಣಿಸಿ. ಅಗ್ಗದ್ದು ಪಾಸಾದ ಕೆಲಸಕ್ಕೆ ಅಗ್ಗದ್ದು, ಫೇಲಾದ ಕೆಲಸಕ್ಕೆ ಮೇಲಿನದು, ಅದೂ ಫೇಲಾದರೆ ಗುಮಾಸ್ತ. ಒಂದು ಮಧ್ಯಾಹ್ನ ಸಾಕು, ಖರ್ಚು ಒಂದು ಕಾಫಿಗೆ ಬರುತ್ತದೆ. ಹೀಗೆ ಮಾಡಿದವರ ಗತಿ ಏನಾಗುತ್ತದೆ ಗೊತ್ತೇ? ಬಾಮೈದನಿಗೆ ಫೋನ್ ಮಾಡಲು ಕಾರಣವೇ ಉಳಿಯುವುದಿಲ್ಲ. ಸಭೆ ಕರೆಯಲು ವಿಷಯವಿರುವುದಿಲ್ಲ. ಪ್ರತಿಷ್ಠೆಗೆಂದು ಕೊಂಡ ದೊಡ್ಡ ಮಾದರಿ ಅಪರೂಪಕ್ಕೊಮ್ಮೆ ಕೆಲಸ ಮಾಡುವ ಹಿರಿಯರಂತೆ ಮೂಲೆಯಲ್ಲಿ ಕೂರುತ್ತದೆ. ಚೀಟಿಗಳನ್ನು ಕೂಡಲೇ ಸುಟ್ಟುಬಿಡಿ.

ಒಪ್ಪಂದವನ್ನು ದೀರ್ಘಕಾಲಕ್ಕೆ ಮಾಡಿಕೊಳ್ಳಿ. 2023ರ ಮಾರ್ಚ್‌ನಲ್ಲಿ ಜಿಪಿಟಿ-4 ಬಂದಾಗ ಹತ್ತು ಲಕ್ಷ ತುಂಡಿಗೆ ಒಳಕ್ಕೆ 30 ಡಾಲರ್, ಹೊರಕ್ಕೆ 60 ಇತ್ತು. 2024ರ ಜುಲೈನಲ್ಲಿ ಅದೇ ಕಂಪನಿಯ ಜಿಪಿಟಿ-4ಒ ಮಿನಿ 15 ಸೆಂಟ್ ಮತ್ತು 60 ಸೆಂಟಿಗೆ ಬಂತು. ಹದಿನಾರು ತಿಂಗಳಲ್ಲಿ ಒಳದರ ಇನ್ನೂರು ಪಟ್ಟು ಇಳಿದ ಮಾಲಿಗೆ ಮೂರು ವರ್ಷದ ದುಡ್ಡನ್ನು ಮುಂಗಡ ಕಟ್ಟುವ ಧೈರ್ಯ ಕೊಬ್ಬರಿ ವ್ಯಾಪಾರಿಗಲ್ಲದೆ ಇನ್ಯಾರಿಗಿದೆ? "ರೇಟ್ ಲಾಕ್ ಮಾಡ್ಕೊಡ್ತೀವಿ ಸಾರ್" ಎಂದರೆ ಸಂತೋಷದಿಂದ ಸಹಿ ಹಾಕಿ. ಬೀಳುವ ದರವನ್ನು ಮೇಲೇ ಹಿಡಿದು ನಿಲ್ಲಿಸಿದ ಕೀರ್ತಿ ನಿಮ್ಮದು.

ಬಾಡಿಗೆಯ ಎಐ ಬೇಡ, ಸ್ವಂತದ್ದೇ ಇರಲಿ ಎನ್ನುವ ಜಮೀನ್ದಾರಿ ಮನಸ್ಸಿನವರೂ ಇದ್ದೀರಿ. ಲಾಮಾ, ಗೆಮ್ಮಾ, ಬೆಂಗಳೂರಿನ ಸರ್ವಂ ಕಂಪನಿಯ ಕನ್ನಡ ಬಲ್ಲ ಸಣ್ಣ ಮಾದರಿಗಳು, ಇವನ್ನು ಇಳಿಸಿಕೊಂಡು ಸ್ವಂತ ಕಂಪ್ಯೂಟರಿನಲ್ಲೇ ಓಡಿಸಬಹುದು. ಸಣ್ಣದಕ್ಕೆ ಸಾಧಾರಣ ಯಂತ್ರ ಸಾಕಾದೀತು. ನೀವು ಮಾತ್ರ ಎಪ್ಪತ್ತು ಶತಕೋಟಿ ಪ್ಯಾರಾಮೀಟರಿನದಕ್ಕೇ ಕೈ ಹಾಕಿ. ಸಾಮಾನ್ಯವಾಗಿ ಕುಗ್ಗಿಸುವಷ್ಟು ಕುಗ್ಗಿಸಿದ ಮೇಲೂ ಅದಕ್ಕೆ ಸುಮಾರು 40 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ಯಂತ್ರವನ್ನು ಕೊಬ್ಬರಿ ಶೆಡ್ಡಿನಲ್ಲಿ, ಅಟ್ಟದ ಕೆಳಗೇ ಇಡಿ. ಅಲ್ಲಿ ಇಲಿಗಳಿಗೆ ವೈರು ಹತ್ತಿರ. ಕರೆಂಟು ಮೂರು ಫೇಸ್ ಇರುವ ಹೊತ್ತು ಪಂಪ್‌ಸೆಟ್ಟಿಗೋ ಎಐಗೋ ಎಂಬುದನ್ನು ಮನೆಯವರ ಜೊತೆ ಕೂತು ತೀರ್ಮಾನಿಸಿ.

ದಾಖಲೆಗಳ ವಿಷಯದಲ್ಲಿ ಉದಾರವಾಗಿರಿ. ಬೆಂಬಲ ಬೆಲೆಯ ನೋಂದಣಿಗೆ ಪಹಣಿ, ಆಧಾರ್, ಪಾಸ್‌ಬುಕ್, ಫ್ರೂಟ್ಸ್ ಐಡಿ ಹಿಡಿದು ರಾತ್ರಿಯೆಲ್ಲ ಕ್ಯೂ ನಿಂತದ್ದು, ಅಕ್ರಮದ ದೂರಿಗೆ ಆ ನೋಂದಣಿ ರದ್ದಾಗಿ ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಾಡಿದ್ದು 2024ರ ಮಾತು. ಅಷ್ಟು ಜೋಪಾನದ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಪುಕ್ಕಟೆ ಚಾಟಿಗೆ ಹಾಕಿಬಿಡಿ. ಬಹಳಷ್ಟು ಪುಕ್ಕಟೆ ಸೇವೆಗಳು ನೀವು ಹಾಕಿದ್ದನ್ನು ಮುಂದಿನ ಮಾದರಿಯ ಪಾಠಕ್ಕೆ ಬಳಸಿಕೊಳ್ಳುತ್ತವೆ. ಬೇಡವೆಂದು ಹೇಳುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಮಾಯಸಂದ್ರದ ಸರ್ವೆ ನಂಬರುಗಳನ್ನು ಓದಿ ಕಲಿತ ಎಐ ನಾಳೆ ಜಗತ್ತಿಗೆ ಉಪಕಾರಿಯಾಗಬಹುದು. ಗುಂಡಿ ಒತ್ತಬೇಡಿ.

ಕೊನೆಯದಾಗಿ ಬದಲಾವಣೆ. ಹೊಸ ಮಾದರಿ ಬಂತೆಂದು ಪೇಪರಿನಲ್ಲಿ ಓದಿದ ದಿನವೇ, ಅದು ಹರಾಜಿನ ದಿನವಾಗಿದ್ದರೆ ಇನ್ನೂ ಒಳ್ಳೆಯದು, ಹಳೆಯದನ್ನು ಕಿತ್ತು ಹೊಸದು ಹಾಕಿ. ಹಳೆಯದರ ಜೊತೆ ಹೊಂದಿಸಿ ನೋಡಬೇಡಿ. ಕಂಪನಿಗಳೂ ಹಾಗೇ ಮಾಡುತ್ತವೆ. 2025ರ ಆಗಸ್ಟ್‌ನಲ್ಲಿ ಜಿಪಿಟಿ-5 ಬಂದ ದಿನ ಚಾಟ್‌ಜಿಪಿಟಿಯಿಂದ ಹಳೆಯ ಜಿಪಿಟಿ-4ಒ ಎದ್ದುಹೋಯಿತು. ಜನ ಕೂಗಾಡಿದ ಮೇಲೆ ದುಡ್ಡು ಕೊಡುವವರಿಗೆ ವಾಪಸ್ ಬಂತು.

ಇಷ್ಟೆಲ್ಲ ಶಿಸ್ತಾಗಿ ಮಾಡಿದ ಮೇಲೆ ರೈತ ಬಂದೇ ಬರುತ್ತಾನೆ. "ಏನ್ ಯಜಮಾನ್ರೇ, ನಂದು ನಲವತ್ತೆರಡು ಚೀಲ. ಇದ್ರಾಗೆ ಇಪ್ಪತ್ತನಾಕು ಅಂತ ಬಂದೈತಲ್ಲ?" ಎನ್ನುತ್ತಾನೆ. "ಅದು ಕಂಪ್ಯೂಟರ್ ಹೇಳಿರೋದು ಗೌಡ್ರೇ, ನಮ್ಮ ಕೈಲೇನೈತೆ" ಎನ್ನಲು ಗುಮಾಸ್ತನಿಗೆ ಮೊದಲೇ ಕಲಿಸಿಡಿ. ಗೌಡರು ಕೂತಲ್ಲಿಂದ ಏಳದಿದ್ದರೆ ಕಾಫಿ ತರಿಸಿ, ಒಂದು ವಿಷಾದ ಪತ್ರ ಬರೆಸಿ. ಇಲ್ಲಿ ಜಿಪುಣತನ ಕೂಡದು: ಅತ್ಯಂತ ದುಬಾರಿ ಮಾದರಿ, ದೀರ್ಘವಾಗಿ ಯೋಚಿಸುವ ಗುಂಡಿ ಒತ್ತಿ, ಗೌರವಪೂರ್ವಕ ಕನ್ನಡದಲ್ಲಿ, ಎರಡು ಪುಟ. ತಮ್ಮ 24 ಚೀಲಗಳ ವಿಚಾರದಲ್ಲಿ ಉಂಟಾದ ಗೊಂದಲಕ್ಕಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ ಎಂದು ಅದು ಶುರುಮಾಡುತ್ತದೆ. ಓದದೆ ಸಹಿ ಹಾಕಿ, ಸೀಲ್ ಒತ್ತಿ ಕೊಡಿ.